ಹೊಂಗೆ ಮರದ ಕೆಳಗೆ ಬಿಟ್ಟ ಬಂಡಿ

ಬಂಡಿ ಎಲ್ಲಿ ಬಿಡಬೇಕು ಎಂದು ಆಗೆಲ್ಲ ಯಾರನ್ನೂ ಕೇಳಬೇಕಾಗಿರಲಿಲ್ಲ. ನೆಂಟರ ಊರಿಗೆ ಹೋದರೆ ಅವರ ಮನೆಯ ಮುಂದೆಯೇ ಬಂಡಿ ನಿಲ್ಲುತ್ತಿತ್ತು. ಎತ್ತಿನ ಗೆಜ್ಜೆ ಸದ್ದಿಗೇ ಮನೆಯ ಯಜಮಾನ ಹೊರಗೆ ಬರುತ್ತಿದ್ದ. ನೊಗ ಇಳಿಸುವುದಕ್ಕೆ ಅವನೇ ಕೈ ಕೊಡುತ್ತಿದ್ದ, ಎತ್ತಿನ ಹಗ್ಗವನ್ನೂ ಅವನೇ ಹಿಡಿಯುತ್ತಿದ್ದ. ಒಳಗಿನಿಂದ ಯಾರಾದರೂ ಚೊಂಬಿನಲ್ಲಿ ಕಾಲಿಗೆ ನೀರು ತರುತ್ತಿದ್ದರು. ಅಷ್ಟೂ ಆಗುವವರೆಗೆ ನಮ್ಮ ತಾತ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂಡಿಯ ಪಕ್ಕದಲ್ಲೇ ನಿಂತಿರುತ್ತಿದ್ದ. ಸ್ವಂತ ತಂಗಿಯ ಮನೆಯಾದರೂ ಅಷ್ಟೇ, ಬೀಗರ ಮನೆಯಾದರೂ ಅಷ್ಟೇ. ಕರೆದವರು ಬಂದು ಹಗ್ಗ ಹಿಡಿಯಬೇಕು, ಆಮೇಲೆ ನಾವು ಹೊಸಲು ದಾಟಬೇಕು. ತಾತನ ಈ ಪದ್ಧತಿಯನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಅರ್ಥವಾಗುತ್ತದೆ.

ನಮ್ಮದು ತಾಯಲೂರು ಕಡೆಯ ಒಂದು ಹಳ್ಳಿ. ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ಊರ ಹಿಂದೆ ತಾತನೇ ನೆಟ್ಟು ಬೆಳೆಸಿದ ಮಾವಿನ ತೋಪು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಎರಡು ಜಡೆ ಹಾಕಿಕೊಂಡು ಪ್ರೈಮರಿ ಶಾಲೆಗೆ ಹೋಗುತ್ತಿದ್ದೆ. ಆ ಬೇಸಿಗೆಯಲ್ಲಿ ಊರೆಲ್ಲ ಒಂದೇ ಸುದ್ದಿ: ಮುಳಬಾಗಿಲಿನ ಆಚೆ, ದೇವರಾಯಸಮುದ್ರದ ಕಡೆ ಹೋಗುವಾಗ, ಮದರಾಸು ರಸ್ತೆಯ ಪಕ್ಕದಲ್ಲಿ ಬೆಂಗಳೂರಿನ ಯಾರೋ ಸಾಹುಕಾರರು ದೊಡ್ಡ ಪಾರ್ಕು ಮಾಡಿದ್ದಾರಂತೆ. ರೆಸಾರ್ಟು ಎಂಬ ಮಾತು ಆಗಿನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ. ಕಾರಿನಲ್ಲಿ ಬಂದು ತಂಗುವವರಿಗೆ ಹೆಂಚಿನ ಮನೆಗಳಂತೆ, ಮಕ್ಕಳಿಗೆ ತಿರುಗುವ ಕುದುರೆಗಳಂತೆ, ಕೊಳದಲ್ಲಿ ಹಂಸದ ಆಕಾರದ ದೋಣಿಯಂತೆ, ಇಡೀ ತೋಟ ಸುತ್ತಿಬರುವ ಒಂದು ಪುಟಾಣಿ ರೈಲಂತೆ. ನೋಡಿಬಂದವರಿಗಿಂತ ಕೇಳಿಬಂದವರೇ ಹೆಚ್ಚು ವರ್ಣಿಸುತ್ತಿದ್ದರು.

ಆ ಪಾರ್ಕಿನ ಮ್ಯಾನೇಜರು ಒಂದು ಮಧ್ಯಾಹ್ನ ಮಾವು ಹುಡುಕಿಕೊಂಡು ಜೀಪಿನಲ್ಲಿ ನಮ್ಮೂರಿಗೇ ಬಂದ. ನಮ್ಮ ತೋಪಿನ ಹತ್ತಿರ ಜೀಪು ಬಿಸಿಯಾಗಿ ಹೊಗೆಯಾಡುತ್ತ ನಿಂತುಬಿಟ್ಟಿತು. ತಾತ ಬಿಡುತ್ತಾನೆಯೇ? ಜೀಪಿಗೂ ನೀರು ಕೊಟ್ಟ, ಜೀಪಿನವನ ಕಾಲಿಗೂ ನೀರು ಕೊಟ್ಟ, ಮನೆಗೆ ಕರೆತಂದು ಊಟಕ್ಕೆ ಕೂರಿಸಿದ. ಅಜ್ಜಿ ಬಿಸಿ ಮುದ್ದೆ, ಮಾವಿನಕಾಯಿ ಹಾಕಿ ಬೇಯಿಸಿದ ಬೇಳೆಯ ಪಪ್ಪು ಬಡಿಸಿದಳು. ಮುದ್ದೆ ನುಂಗಲು ಬಾರದೆ ಆತ ಅದನ್ನು ಅಗಿದು ಅಗಿದು ತಿನ್ನುವುದನ್ನು ನೋಡಿ ನಾನೂ ನನ್ನ ತಮ್ಮ ಮಂಜನೂ ಗೋಡೆಯ ಕಡೆ ತಿರುಗಿ ನಕ್ಕೆವು. ಹೊರಡುವಾಗ ಅವನು ತಾತನ ಎರಡೂ ಕೈ ಹಿಡಿದುಕೊಂಡ.

"ಯಜಮಾನ್ರೇ, ಒಂದ್ಸಲ ಮನೆಯೋರನ್ನೆಲ್ಲ ಕರ್ಕೊಂಡು ನಮ್ಮ ಪಾರ್ಕಿಗೆ ಬರ್ಲೇಬೇಕು ನೀವು. ನಾನೇ ನಿಂತ್ಕೊಂಡು ಎಲ್ಲಾ ತೋರಿಸ್ತೀನಿ. ರೈಲಲ್ಲಿ ಕೂರಿಸ್ತೀನಿ."

ಪೇಟೆಯವರು ಊಟ ಮಾಡಿದ ಮನೆಯಲ್ಲಿ ಹೀಗೊಂದು ಮಾತು ಆಡಿ ಹೋಗುತ್ತಾರೆ, ಜೀಪು ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ಅದನ್ನು ಮರೆತಿರುತ್ತಾರೆ. ತಾತನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ನಂಬುತ್ತಿರಲಿಲ್ಲ.

ಆ ಮಾತನ್ನು ತಾತನಿಗಿಂತ ಗಟ್ಟಿಯಾಗಿ ಹಿಡಿದುಕೊಂಡವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಸರೋಜತ್ತೆ. ಅಪ್ಪನ ತಂಗಿ, ತಾತನ ಕೊನೆಯ ಮಗಳು. ನನಗೆ ಜಡೆ ಹಾಕುತ್ತಿದ್ದವಳು, ಕುಂಟೆಬಿಲ್ಲೆಯಲ್ಲಿ ಮೋಸ ಮಾಡುವುದನ್ನು ಕಲಿಸಿದವಳು. ಪುಂಗನೂರು ಕಡೆಯ ಹಳ್ಳಿಯೊಂದಕ್ಕೆ ಅವಳ ಮದುವೆ ಗೊತ್ತಾಗಿತ್ತು. ನಮ್ಮ ಮುಳಬಾಗಿಲು ಸೀಮೆಗೆ ರೈಲೇ ಇಲ್ಲ. ಅತ್ತೆ ಅಲ್ಲಿಯವರೆಗೆ ರೈಲು ಹತ್ತಿರಲಿಲ್ಲ, ಹತ್ತಿರದಿಂದ ನೋಡಿಯೂ ಇರಲಿಲ್ಲ.

"ಅಪ್ಪಾ, ಮದ್ವೆಗೆ ಮುಂಚೆ ಒಂದ್ಸಲ ಆ ರೈಲು ಹತ್ತಿಬಿಡ್ತೀನಿ. ಆ ಊರಿಗೆ ಹೋದ್ಮೇಲೆ ನನ್ನ ಯಾರು ಕಳಿಸ್ತಾರೆ?" ಎಂದು ತಾತ ಎಲೆಅಡಿಕೆ ಹಾಕಿಕೊಳ್ಳುವಾಗಲೆಲ್ಲ ಪಕ್ಕದಲ್ಲಿ ಬಂದು ಕೂರುತ್ತಿದ್ದಳು.

"ಆಯ್ತು ಕಣಮ್ಮಾ. ಕರೆದವ್ನಲ್ವಾ, ಹೋಗಾಣ," ಎಂದ ತಾತ.

ಒಂದು ಭಾನುವಾರ ಹೊರಟೆವು. ಮನೆಯಲ್ಲಿ ರೇಷ್ಮೆಹುಳುಗಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಸೊಪ್ಪು ಎಷ್ಟು ಹಾಕಿದರೂ ಸಾಲದೆ ತಿನ್ನುತ್ತಿದ್ದ ಕಾಲ. ಅಪ್ಪ ಅಮ್ಮ ಅವುಗಳನ್ನು ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ತಾತ, ಅಜ್ಜಿ, ಅತ್ತೆ, ನಾನು, ಮಂಜ. ಬಂಡಿಗೆ ಹುಲ್ಲು ಹಾಸಿ ಮೇಲೆ ಜಮಖಾನ ಹಾಸಿದ್ದರು. ಒಂದು ಮೂಲೆಯಲ್ಲಿ ಚಿತ್ರಾನ್ನದ ಗಂಟು, ಮೊಸರನ್ನದ ಡಬರಿ, ಹುರಿದ ಕಡಲೆಕಾಯಿ. ಇನ್ನೊಂದು ಮೂಲೆಯಲ್ಲಿ ಮ್ಯಾನೇಜರಿಗೆಂದು ತಾತನೇ ಆರಿಸಿ ಹುಲ್ಲಿನಲ್ಲಿ ಮುಚ್ಚಿದ್ದ ಬಾದಾಮಿ, ರಸಪುರಿ ಹಣ್ಣಿನ ಬುಟ್ಟಿ. ಕರೆದ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಅತ್ತೆ ಮದುವೆಗೆಂದು ತಂದಿದ್ದ ಸೀರೆಗಳಲ್ಲಿ ಒಂದು ನೀಲಿ ಸೀರೆಯನ್ನು ಉಟ್ಟು ಅಜ್ಜಿಯ ಕೈಲಿ ಬೈಸಿಕೊಂಡಿದ್ದಳು. ದಾರಿಯುದ್ದಕ್ಕೂ ಮಾವಿನ ಹಣ್ಣಿನ ವಾಸನೆ, ಅತ್ತೆಯ ಕನಕಾಂಬರ, ಎತ್ತುಗಳ ಬೆವರು. ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು: "ನಾನು ಕಿಟಕಿ ಪಕ್ಕ ಕಣೇ, ಈಗ್ಲೇ ಹೇಳಿದ್ದೀನಿ."

ಪಾರ್ಕಿನ ಮುಂದೆ ವಿಶಾಲವಾದ ಬಯಲು. ಅದರ ಮೇಲೆ ಸುಣ್ಣದಲ್ಲಿ ಉದ್ದುದ್ದ ಗೆರೆ ಎಳೆದಿದ್ದರು, ಗೆರೆಗಳ ನಡುವೆ ಕಾರುಗಳು ನಿಂತಿದ್ದವು. ತಾತ ಗೇಟಿನ ಎದುರಿಗೇ ಬಂಡಿ ತಂದು ನಿಲ್ಲಿಸಿದ. ಖಾಕಿ ತೊಟ್ಟ ವಾಚ್‌ಮನ್ ಕೈ ಬೀಸುತ್ತ ಓಡಿಬಂದ.

"ಇಲ್ಲಿ ಬೇಡ, ಇಲ್ಲಿ ಬೇಡ. ರೂಮ್ ತಗೊಂಡಿದ್ದೀರಾ?"

"ರೂಮ್ಯಾಕಪ್ಪಾ? ಸಾಯಂಕಾಲಕ್ಕೆ ಹೊಂಟೋಗ್ತೀವಿ."

"ಈ ಗೆರೆಗಳು ರೂಮಿನೋರ ಕಾರಿಗೆ. ಬರೀ ನೋಡ್ಕೊಂಡು ಹೋಗೋರು ಆ ಕೊನೇಲಿ ಬಿಡ್ಬೇಕು."

ಕೊನೆಯಲ್ಲಿ ಒಂದು ಹೊಂಗೆ ಮರ. ಅದರ ಕೆಳಗೆ ತಾತ ತಾನೇ ನೊಗ ಇಳಿಸಿದ, ತಾನೇ ಎತ್ತುಗಳನ್ನು ಕಟ್ಟಿದ. ವಾಪಸು ಗೇಟಿಗೆ ಹೋಗಿ, "ಮ್ಯಾನೇಜರ್ಗೆ ಒಂದ್ ಮಾತು ತಿಳಿಸಪ್ಪಾ, ತಾಯಲೂರು ಕಡೆಯೋರು ಬಂದವ್ರೆ ಅಂತ," ಎಂದ.

"ಸಾಹೇಬ್ರು ಹೊರಗಡೆ ಹೋಗವ್ರೆ, ಬರ್ತಾರೆ. ನೀವು ಟಿಕೆಟ್ ತಗೊಂಡು ಒಳಕ್ಕೆ ಹೋಗಿ, ಯಾರೂ ಬೇಡ ಅನ್ನಲ್ಲ."

"ಬರ್ಲಿ ಬಿಡು. ಕಾಯ್ತೀವಿ."

ಆಮೇಲೆ ಕಾಯ್ದೆವು. ಕಾರುಗಳು ಬಂದವು, ಕೂಲಿಂಗ್ ಗ್ಲಾಸಿನವರು ಇಳಿದರು, ಬಾಗಿಲು ಧಡಾರ್ ಎಂದು ಹಾಕಿ ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಮುಳಬಾಗಿಲಿನಿಂದ ಬಸ್ಸಿನಲ್ಲಿ ಬಂದವರೂ ಟಿಕೆಟ್ ಹರಿಸಿಕೊಂಡು ಹೋದರು. ಒಳಗಿನಿಂದ ಹುರಿಯುವ ಎಣ್ಣೆಯ ವಾಸನೆ, ಮಕ್ಕಳ ಕೇಕೆ ಬರುತ್ತಿತ್ತು. ಆಗಾಗ ರೈಲು 'ಕೂ' ಎಂದು ಕೂಗುತ್ತಿತ್ತು. ಕೂಗಿದಾಗಲೆಲ್ಲ ಅತ್ತೆಯ ಕತ್ತು ಆ ಕಡೆಗೆ ತಿರುಗುತ್ತಿತ್ತು. ಗೋಡೆಯ ಮೇಲೆ ಕಾಗದದ ಹೂವಿನ ಬಳ್ಳಿ ಹಬ್ಬಿ ಅಡ್ಡ ಇದ್ದದ್ದರಿಂದ ಕಾಣುತ್ತಿದ್ದದ್ದು ಅದರ ಕೆಂಪು ಚಾವಣಿ ಮಾತ್ರ. ಮಂಜನೂ ನಾನೂ ಖಾಲಿ ಗೆರೆಗಳ ನಡುವೆ ಕುಂಟೆಬಿಲ್ಲೆ ಆಡಿದೆವು; ಅಷ್ಟು ನೆಟ್ಟಗಿನ ಗೆರೆ ನಮ್ಮೂರಲ್ಲಿ ಯಾರೂ ಎಳೆದದ್ದಿಲ್ಲ. ಎತ್ತು ಸಗಣಿ ಹಾಕಿತು. ವಾಚ್‌ಮನ್ ಮುಖ ಸಿಂಡರಿಸಿದ. ಅಜ್ಜಿ ಎದ್ದು ಅದನ್ನು ಎರಡು ಕೈಯಲ್ಲಿ ಬಾಚಿ ಮರದ ಬುಡಕ್ಕೆ ಹಾಕಿಬಂದಳು.

ಊಟದ ಹೊತ್ತಾಯಿತು. ಬಂಡಿಯ ನೆರಳಲ್ಲಿ ಕೂತು ಚಿತ್ರಾನ್ನ ತಿಂದೆವು. ಅತ್ತೆ ತುತ್ತು ಎತ್ತಲಿಲ್ಲ.

"ಅಪ್ಪಾ, ಎಲ್ಲಾರೂ ಟಿಕೆಟ್ ತಗೊಂಡು ಹೋಗ್ತಾವ್ರೆ. ನಾವೂ ಹೋಗಾಣ."

"ಅವ್ರನ್ನ ಯಾರೂ ಕರೆದಿಲ್ಲ, ಅದಕ್ಕೆ ಟಿಕೆಟ್ ತಗೊಳ್ತಾರೆ. ನಮ್ಮನ್ನ ಮನೇಗ್ ಬಂದು ಕರೆದವ್ನೆ. ನಾವು ಟಿಕೆಟ್ ತಗೊಂಡ್ರೆ ಅವನ ಮಾತು ಸುಳ್ಳಾಯ್ತದೆ. ಉಂಡೋದ ಮನುಷ್ಯನ ಮಾತನ್ನ ನಾವೇ ಸುಳ್ಳು ಮಾಡಾದಾ?"

ಅಜ್ಜಿಯ ತವರು ಆಂಧ್ರದ ಗಡಿಯ ಆಚೆ. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. "ಬಿಡ್ಡ ಮೊಖಂ ಒಕಸಾರಿ ಚೂಡು," ಎಂದಳು. ಮಗಳ ಮುಖ ಒಂದು ಸಲ ನೋಡು ಎಂದು. ತಾತ ನೋಡಿದ. ಎದ್ದು, ಎತ್ತಿಗೆಂದು ತಂದಿದ್ದ ನೀರಲ್ಲಿ ಮುಖ ತೊಳೆದು, ಟವೆಲ್ ಕೊಡವಿ ಹೆಗಲಿಗೆ ಹಾಕಿ, ಗೇಟಿನ ಕಡೆ ನಡೆದ. ಅತ್ತೆ ತಟಕ್ಕನೆ ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು. ತಾತ ಟಿಕೆಟ್ಟಿನ ಕಿಂಡಿಯ ಮುಂದೆ ಸ್ವಲ್ಪ ಹೊತ್ತು ನಿಂತ. ಕೈ ದುಡ್ಡಿಟ್ಟಿದ್ದ ಎಲೆಅಡಿಕೆ ಸಂಚಿಯವರೆಗೂ ಹೋಯಿತು. ಆಮೇಲೆ ಸುಮ್ಮನೆ ತಿರುಗಿ ಬಂದು ಬಂಡಿಯ ಮುಂದಿನ ಮೂಕಿಮರದ ಮೇಲೆ ಕೂತ. ಅತ್ತೆ ಎತ್ತುಗಳ ಕಡೆ ಹೋಗಿ ಅವುಗಳ ಕತ್ತು ಕೆರೆಯುತ್ತ ನಮಗೆ ಬೆನ್ನು ಹಾಕಿ ನಿಂತಳು.

ಬಿಸಿಲು ಇಳಿಯಿತು. ಬಂಡಿ ಕಟ್ಟಿದೆವು. ಗೇಟಿನ ಮುಂದೆ ಹಾದು ರಸ್ತೆಗೆ ಹತ್ತುವಷ್ಟರಲ್ಲಿ ಎದುರಿಂದ ಅದೇ ಜೀಪು ಬಂತು. ಮ್ಯಾನೇಜರು ಗುರುತು ಹಿಡಿದು ನಿಲ್ಲಿಸಿದ. ಪಾಪ, ಅವನ ಮುಖ ನಿಜವಾಗಿ ಅರಳಿತ್ತು.

"ಅಯ್ಯೋ ಯಜಮಾನ್ರೇ! ಬಂದಿದ್ರಾ? ಇವತ್ತೇ ನಾನು ಕೋಲಾರಕ್ಕೆ ಹೋಗ್ಬೇಕಾಯ್ತು ನೋಡಿ. ಎಲ್ಲಾ ನೋಡಿದ್ರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ನನ್ನ ತೊಡೆ ಚಿವುಟಿದಳು.

"ನೋಡಿದ್ವಪ್ಪಾ," ಎಂದ ತಾತ. "ಬಾಳ ಚೆನ್ನಾಗೈತೆ."

"ರೈಲು?"

"ಹತ್ತಿದ್ವಿ. ನಮ್ಮುಡುಗೀಗೆ ಬಾಳ ಇಷ್ಟ ಆಯ್ತು."

ಬುಟ್ಟಿ ಇಳಿಸಿ ಅವನ ಕೈಗೆ ಕೊಟ್ಟ. ಅವನು ಸಂತೋಷದಿಂದ ತೆಗೆದುಕೊಂಡ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಧೂಳು ಬಿತ್ತು ಎನ್ನುವ ಹಾಗೆ.

ವಾಪಸು ದಾರಿಯಲ್ಲಿ ಮಂಜ ನಿದ್ದೆಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಜ್ಜಿ ತನ್ನಷ್ಟಕ್ಕೆ ಗೊಣಗಿದಳು. ನನಗೆ ತಾತನ ಮೇಲೆ ಬಂದ ಕೋಪ ಬಹಳ ವರ್ಷ ಇಳಿಯಲಿಲ್ಲ. ಒಂದು ಹಗಲೆಲ್ಲ ಹಟ ಹಿಡಿದು, ಕಡೆಗೆ ಸುಳ್ಳು ಹೇಳುವುದಾಗಿದ್ದರೆ ಟಿಕೆಟ್ಟು ತೆಗೆದುಕೊಳ್ಳುವುದಕ್ಕೆ ಏನಾಗಿತ್ತು? ನಿಜ ಹೇಳಿದ್ದರೆ ಮ್ಯಾನೇಜರಿನ ತಲೆ ತಗ್ಗುತ್ತಿತ್ತು, ನಮ್ಮ ಮನೆಯಲ್ಲಿ ಉಂಡವನನ್ನು ರಸ್ತೆಯ ಮಧ್ಯೆ ಹಾಗೆ ನಿಲ್ಲಿಸಲು ತಾತನಿಗೆ ಮನಸ್ಸಾಗಲಿಲ್ಲ ಎಂಬುದು ನನಗೆ ತಿಳಿದದ್ದು ನಾನೇ ಮನೆ ನಡೆಸತೊಡಗಿದ ಮೇಲೆ. ತಿಳಿದರೂ ಸಂಕಟ ಹೋಗಲಿಲ್ಲ. ಅತ್ತೆಯನ್ನು ಗಂಡನ ಮನೆಗೆ ಕಳಿಸಿದ ಸಾಯಂಕಾಲ ತಾತ ಜಗಲಿಯಲ್ಲಿ ಕೂತು, "ಹತ್ತಿಸ್ಬಿಡ್ಬೇಕಾಗಿತ್ತು ಕಣೇ," ಎಂದು ಅಜ್ಜಿಗೆ ಹೇಳಿದ.

ಪಾರ್ಕು ಕೆಲವೇ ವರ್ಷ ನಡೆದು ಮುಚ್ಚಿಹೋಯಿತು. ರಸ್ತೆ ಅಗಲವಾದಾಗ ಹೊಂಗೆ ಮರವೂ ಹೋಯಿತು. ತಾತ, ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದರು. ಬಂಡಿ ತೋಪಿನಲ್ಲಿ ಗೆದ್ದಲು ಹಿಡಿದು ಮಣ್ಣಾಯಿತು. ಈಗ ಬೆಂಗಳೂರಿನಲ್ಲಿ, ಮಹಡಿಯ ಮೇಲಿನ ನಮ್ಮ ಮನೆಗೇ ಯಾರಾದರೂ ಬಂದರೆ, ಗಾಡಿ ಎಲ್ಲಿ ಹಾಕಲಿ ಎಂದು ಕೆಳಗಿನಿಂದ ಫೋನ್ ಮಾಡುತ್ತಾರೆ. ನಾನು ಮೇಲಿನಿಂದಲೇ ಹೇಳುತ್ತೇನೆ. ಇಳಿದು ಹೋಗಿ ಎದುರುಗೊಳ್ಳಬೇಕು ಎಂದು ಎಷ್ಟೋ ಸಲ ಅಂದುಕೊಳ್ಳುತ್ತೇನೆ, ಅಷ್ಟರಲ್ಲಿ ಅವರು ಬಂದು ಬೆಲ್ ಒತ್ತಿರುತ್ತಾರೆ. ಬರುವವರು ಕಾಯುವುದನ್ನು ಮರೆತರು, ಕರೆಯುವವರು ಕರೆದದ್ದನ್ನು ಮರೆತರು. ಯಾರಿಗೂ ನೋವಿಲ್ಲ. ನೋವಿಲ್ಲದ್ದೇ ನನಗೆ ನೋವು.

ಹೋದ ಬೇಸಿಗೆಯಲ್ಲಿ ಸರೋಜತ್ತೆ ನಮ್ಮಲ್ಲಿಗೆ ಬಂದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಮೊಮ್ಮಕ್ಕಳನ್ನೆಲ್ಲ ಸೇರಿಸಿಕೊಂಡು ಬೆಂಗಳೂರಿನ ಆಚೆಯ ದೊಡ್ಡ ಪಾರ್ಕೊಂದಕ್ಕೆ ಹೋದೆವು. ಅಲ್ಲಿಯೂ ತಂಗುವವರಿಗೆ ಗೇಟಿನ ಪಕ್ಕದಲ್ಲೇ ನೆರಳಿನ ಜಾಗ, ಒಂದು ದಿನಕ್ಕೆ ಬಂದವರಿಗೆ ದೂರದ ಬಯಲು. ಸೀಟಿ ಹಿಡಿದ ಹುಡುಗನೊಬ್ಬ ಹಳದಿ ಗೆರೆಯ ನಡುವೆ ನಮ್ಮ ಕಾರು ಹಾಕಿಸಿದ. ಎಲ್ಲರೂ ಇಳಿದರು. ಅತ್ತೆ ಇಳಿಯಲಿಲ್ಲ.

"ನೀವೋಗ್ಬನ್ನಿ. ನಾನಿಲ್ಲೇ ಕೂತಿರ್ತೀನಿ."

ಮಂಡಿ ನೋವಿರಬೇಕು ಎಂದುಕೊಂಡು ಮಕ್ಕಳು ಹೊರಟರು. ನಾನು ಉಳಿದೆ. "ಬಾ ಅತ್ತೆ, ಇಲ್ಲೂ ರೈಲೈತಂತೆ. ಕಿಟಕಿ ಪಕ್ಕ ನಿಂಗೇ," ಎಂದೆ.

ಅವಳು ನಕ್ಕಳು. ಚೀಲದಿಂದ ಹುರಿದ ಕಡಲೆಕಾಯಿ ತೆಗೆದು ನನ್ನ ಕೈಗೂ ಹಾಕಿದಳು.

"ಹತ್ತಿದ್ವಿ ಅಂತ ಅಪ್ಪ ಅವತ್ತೇ ಹೇಳ್ಬಿಟ್ಟವ್ನೆ ಕಣೇ. ಈಗ್ಹೋಗಿ ಮೊದಲ್ನೇ ಸಲ ಹತ್ತಿದ್ರೆ, ಅಪ್ಪನ ಮಾತು ಸುಳ್ಳಾಗಲ್ವಾ?"

ನಾವಿಬ್ಬರೂ ಕಡಲೆಕಾಯಿ ಸುಲಿಯುತ್ತ ಕೂತೆವು. ಒಳಗೆ ಎಲ್ಲೋ ರೈಲು ಕೂಗಿತು. ಅತ್ತೆಯ ಕತ್ತು ಆ ಕಡೆಗೆ ತಿರುಗಿತು.