ಸೀಸೆಯಲ್ಲಿದ್ದ ಎರಡು ಬೆರಳು

ಆಸ್ಪತ್ರೆಯ ಮೊದಲ ಎಕ್ಸ್‌ರೇ ಯಂತ್ರ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದಾಗ ಅದನ್ನು ಜೋಡಿಸುವುದು ಯಾವ ಡಾಕ್ಟರ ಕೈಲೂ ಆಗಲಿಲ್ಲ. ಎದುರು ಬೀದಿಯ ಗಡಿಯಾರ ರಿಪೇರಿಯವನನ್ನು ಕರೆಸಿದರು. ಒಂದೇ ವಾರದಲ್ಲಿ ಅವನು ಯಂತ್ರವನ್ನು ಎಬ್ಬಿಸಿ ನಿಲ್ಲಿಸಿದ. ಆಮೇಲೆ ತನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಊರಿಗೆಲ್ಲ ಎಕ್ಸ್‌ರೇ ಅಣ್ಣನಾದ. ಮುರಿದ ಕಾಲು, ಮಗು ನುಂಗಿದ ಗುಂಡಿ, ಎಲ್ಲವನ್ನೂ ಕೊಯ್ಯದೆ ತೋರಿಸಿದವನು ಅವನೇ. ಸ್ವಲ್ಪ ಜಂಬವೂ ಇತ್ತು ಅನ್ನಿ.

ದಿನಾ ಬೆಳಿಗ್ಗೆ ಯಂತ್ರ ಹದಕ್ಕೆ ಬಂದಿದೆಯೇ ಎಂದು ನೋಡಲು ಹೊಳೆಯುವ ಪರದೆಯ ಹಿಂದೆ ತನ್ನ ಎಡಗೈ ಒಡ್ಡುತ್ತಿದ್ದ. ಬೆರಳ ಗಂಟುಗಳು ಒಂದೊಂದೂ ಬಿಡಿಯಾಗಿ ಕಂಡರೆ ಸರಿ, ರೋಗಿಯನ್ನು ಕರೆಯಬಹುದು. ಆ ಕಿರಣ ಸುಡುತ್ತದೆಂದು ಆಗ ಯಾರಿಗೆ ಗೊತ್ತಿತ್ತು? ಉಗುರು ಕಪ್ಪಾಯಿತು, ಚರ್ಮ ಬಿರಿಯಿತು. ಎಕ್ಸ್‌ರೇ ಪಟ ತೊಳೆಯುವ ಮದ್ದಿನ ಕಾಟವೆಂದು ಎಣ್ಣೆ ಹಚ್ಚಿಕೊಂಡ. ಹುಣ್ಣು ಜೋರಾದಾಗ ಜೊತೆಗೇ ಕೆಲಸ ಕಲಿಯುತ್ತಿದ್ದ ಮಗಳು, "ಬೆಳಿಗ್ಗೆ ನಾನೇ ನೋಡ್ಕೋತೀನಿ ಬಿಡಿ" ಅಂದಳು. ಯಂತ್ರದ ಮೀಟರಿನ ಮುಳ್ಳು ನೋಡಿಯೇ ಹದ ತಿಳಿಯುತ್ತಾಳೆ ಅಂದುಕೊಂಡ.

ಎರಡು ವರ್ಷದ ಮೇಲೆ ಡಾಕ್ಟರು ಅವನ ಎರಡು ಬೆರಳು ತೆಗೆದರು. "ಇದು ಕಿರಣದ ಕೆಲಸ ಕಣಯ್ಯ. ಇನ್ನು ಕೈ ಒಡ್ಡಬೇಡ" ಅಂದರು.

ಮನೆಯಲ್ಲಿ ಕೂರಲಾರದೆ, ಬ್ಯಾಂಡೇಜಿನ ಕೈಯಲ್ಲೇ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದ. ಕತ್ತಲೆ ಕೋಣೆಯ ಪರದೆಯ ಮೇಲೆ ಒಂದು ಕೈ ಕಂಡಿತು. ಸಣ್ಣ ಮೂಳೆಗಳು, ಬೆರಳಲ್ಲಿ ಉಂಗುರ.

"ಅಯ್ಯೋ, ಏನೇ ಇದು! ತೆಗಿ ಕೈ!"

"ಮತ್ತೆ ಯಾರ ಕೈ ಇಡ್ಲಿ ಅಪ್ಪ? ರೋಗಿಗಳದ್ದಾ? ಎರಡು ವರ್ಷದಿಂದ ನಂದೇ ಇಡ್ತಿದ್ದೀನಿ."

ದೀಪ ಹಾಕಿ ನೋಡಿದರೆ ಅವಳ ಉಗುರಿನಲ್ಲಿ ಒಂದು ಕಪ್ಪು ಗೆರೆ. ತನಗೆ ಶುರುವಾದದ್ದೂ ಹಾಗೆಯೇ. ಈ ಪದ್ಧತಿ ಕಲಿಸಿದವನು ತಾನೇ ಅಲ್ಲವೇ?

ನೇರ ಹೋಗಿ ಡಾಕ್ಟರ ಮುಂದೆ ನಿಂತ. "ನನ್ನ ಬೆರಳು ಎಲ್ಲಿಟ್ಟಿದ್ದೀರಿ?"

"ತಲೆ ಕೆಟ್ಟಿದೆಯೇನಯ್ಯ?"

"ನನ್ನವು. ನನಗೆ ಕೊಡಿ ಸ್ವಾಮಿ."

ಬೀರುವಿನಲ್ಲಿ, ಸ್ಪಿರಿಟ್ಟಿನ ಸೀಸೆಯಲ್ಲಿದ್ದವು. ಅವನ್ನು ತೆಳ್ಳಗಿನ ಹಲಗೆಗಳ ನಡುವೆ ಮೇಣದಲ್ಲಿ ಮುಚ್ಚಿ, ಒಂದು ಉದ್ದನೆಯ ಕೋಲಿಗೆ ಬಿಗಿದ. ಮರುದಿನ ಮಗಳನ್ನು ಹಿಂದೆ ನಿಲ್ಲಿಸಿಕೊಂಡು, ಬಾಗಿಲ ಮರೆಯಿಂದ ಪರದೆಯ ಹಿಂದಕ್ಕೆ ಕೋಲು ಚಾಚಿ ಯಂತ್ರ ಹಾಕಿದ.

"ಗಂಟುಗಳು ಚೆನ್ನಾಗಿ ಕಾಣ್ತಿವೆ ಅಪ್ಪ" ಅಂದಳು ಮಗಳು.

ಅವನು ಪರದೆ ನೋಡಲಿಲ್ಲ. ಉಳಿದ ಮೂರು ಬೆರಳಿನಿಂದ ಅವಳ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಎಣಿಸುತ್ತಿದ್ದ.