ಕುರ್ಚಿಗೆ ಏರದ ಸುದ್ದಿ

ಸಿಂದಗಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ಹಿಂದಿನ ದಿನ ಹೆಂಗಸರೆಲ್ಲ ಆ ಮನೆಯ ಪಡಸಾಲೆಯಲ್ಲಿ ಸೇರಿ ಖಡಕ್ ರೊಟ್ಟಿ ಬಡಿಯುತ್ತೇವೆ. ರೊಟ್ಟಿ ಒಂದು ನೆಪ. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರು ಹೊಸ ಫ್ರಿಜ್ ತಂದೂ ನೆರೆಯವರಿಗೆ ತಣ್ಣೀರು ಕೊಡಲಿಲ್ಲ ಎಂಬುದೆಲ್ಲ ಅಲ್ಲಿಯೇ ಇತ್ಯರ್ಥವಾಗಬೇಕು. ಶಾಲೆಯಲ್ಲಿ ಪಾಠ ಹೇಳುವ ನಾನು ಆ ಸಭೆಯಲ್ಲಿ ಬಾಯಿ ಜೋರಿದ್ದವಳೇ.

ಹೋದ ವರ್ಷ ನನ್ನ ಎರಡೂ ಮೊಣಕಾಲು ಮಡಚಲು ಒಲ್ಲೆವೆಂದವು. ಬಾಗೇವಾಡಿಯ ಡಾಕ್ಟರು ಒತ್ತಿ ನೋಡಿ, "ಇನ್ನ ನೆಲದ ಮ್ಯಾಲ ಕುಂದ್ರಬ್ಯಾಡ್ರಿ" ಅಂದರು. ಆ ಪುಣ್ಯಾತ್ಮರಿಗೆ ರೊಟ್ಟಿ ತಿಂದು ಗೊತ್ತು, ಬಡಿದು ಗೊತ್ತಿಲ್ಲ.

ಆಮೇಲೆ ಒಂದು ಮನೆಗೆ ರೊಟ್ಟಿಗೆಂದು ಹೋದೆ. ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ, ನನ್ನನ್ನು ಕೂರಿಸಿದರು. ಹಿಟ್ಟು ಮುಟ್ಟಲು ಬಿಡಲಿಲ್ಲ. ಕುರ್ಚಿಯ ಮೇಲೆ ಕುಳಿತವರಿಗೆ ನಮ್ಮಲ್ಲಿ ಚಹಾ ಸಿಗುತ್ತದೆ, ಸುದ್ದಿ ಸಿಗುವುದಿಲ್ಲ. ಕೆಳಗೆ ಗುಸುಗುಸು ನಡೆಯುವುದು, ನಗು ಏಳುವುದು, ನಾನು "ಏನ ಅದು?" ಎಂದು ಬಗ್ಗಿದರೆ, "ಏನಿಲ್ರಿ ಅಕ್ಕೋರ, ನೀವು ಆರಾಮ ಕುಂದರ್ರಿ" ಎನ್ನುವರು. ಎಲ್ಲರ ಕಾಲೆಳೆಯುವ ಆ ಹೆಂಗಸರು ನನಗೆ ಗೌರವ ಕೊಡಲು ಶುರುಮಾಡಿದ್ದರು. ಅದಕ್ಕಿಂತ ದೊಡ್ಡ ಅವಮಾನ ನನಗೆ ಬೇರೆ ಆಗಿಲ್ಲ.

ಹೋಗುವುದನ್ನೇ ಬಿಟ್ಟೆ. ಶಾಲೆಯಿಂದ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸುಮ್ಮನೆ ಕಣ್ಣಲ್ಲಿ ನೀರು. ತಲೆ ಬಾಚಿಕೊಳ್ಳುವುದೂ ಬೇಸರವಾಯಿತು. ನಮ್ಮ ಮನೆಯವರು ಮುಲಾಮಿನ ಡಬ್ಬಿ ಹಿಡಿದು ಬಂದು, "ಎಲ್ಲಿ ಬ್ಯಾನಿ ಐತಿ ಹೇಳು" ಎನ್ನುವರು. "ಮೊಣಕಾಲಾಗ" ಎನ್ನುತ್ತಿದ್ದೆ. ನಿಜವಾದ ನೋವು ಮುಲಾಮು ಹಚ್ಚುವ ಜಾಗದಲ್ಲಿ ಇರಲಿಲ್ಲ. ಹೇಳಿದ್ದರೆ ಅವರು ಎದೆಗೂ ಅದನ್ನೇ ತಿಕ್ಕುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿಯ ನಿಶ್ಚಯ ಬಂತು. ಬೀಗರು ಪಕ್ಕದ ತಾಲೂಕು ಇಂಡಿಯವರು. ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು, "ಅಕ್ಕೋರ, ನಾಳೆ ಊಟಕ್ಕ ಬರ್ರಿ" ಅಂದಳು.

"ಮತ್ತ ಇವತ್ತ ರೊಟ್ಟಿಗೆ?"

"ನಿಮಗ್ಯಾಕ್ರಿ ತ್ರಾಸ? ಮೊಣಕಾಲ ಬ್ಯಾನಿ ಐತೆಲ್ರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎಷ್ಟೋ ದಿನದಿಂದ ಅದೂ ಮಲಗಿತ್ತು, ಆವತ್ತು ಎದ್ದಿತು.

"ರೊಟ್ಟಿ ಮೊಣಕಾಲಿಲೆ ಬಡಿತಾರೇನ? ಕೈ ಅದಾವ ನನಗ."

ಅವಳ ಹಿಂದೆಯೇ ಗೋಡೆ ಹಿಡಿದುಕೊಂಡು ಹೋದೆ. ಪಡಸಾಲೆಯಲ್ಲಿ ಸೇರಿದ್ದವರೆಲ್ಲ ತಲೆ ಎತ್ತಿ ನೋಡಿದರು. ಒಬ್ಬಾಕೆ ಅಭ್ಯಾಸಬಲದಿಂದ ಕುರ್ಚಿ ತಂದಳು. ಕುಳಿತೆ. "ಕುರ್ಚಿ ತಂದ್ರಿ, ಇನ್ನ ಕಲ್ಲ ತರ್ರಿ" ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹುಡುಗಿಯ ತಾಯಿ ಒಳಗಿನಿಂದ ಎರಡು ಟ್ರಂಕು ಎಳೆಸಿ, ಒಂದರ ಮೇಲೊಂದು ಇಡಿಸಿ, ಅದರ ಮೇಲೆ ರೊಟ್ಟಿ ಬಡಿಯುವ ಕಲ್ಲು ಇಟ್ಟಳು.

ನಾನು ಬಡಿದಾಗಲೆಲ್ಲ ಟ್ರಂಕಿನೊಳಗಿನ ಪಾತ್ರೆಗಳು ತಾಳ ಹಾಕಿದವು. ಕೈಗೆ ಆ ಎತ್ತರ ಹೊಸದು, ರೂಢಿಯೂ ತಪ್ಪಿತ್ತು. ಮೊದಲ ರೊಟ್ಟಿಯ ಅಂಚು ಒಂದು ಕಡೆ ಹರಿಯಿತು, ಇನ್ನೊಂದು ಕಡೆ ಬಾಲ ಬಂತು. ಎಲ್ಲರೂ ಕೈ ನಿಲ್ಲಿಸಿ ನೋಡಿದರು. ಪಾಪ ಎನ್ನುತ್ತಾರೆ, ಇನ್ನೇನು ಕೈಯಿಂದ ಹಿಟ್ಟು ಕಸಿದುಕೊಳ್ಳುತ್ತಾರೆ ಎಂದು ಹಿಟ್ಟಿನ ಮುದ್ದೆಯನ್ನು ಹತ್ತಿರ ಎಳೆದುಕೊಂಡೆ.

ಹುಡುಗಿಯ ತಾಯಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. "ಅಕ್ಕೋರ, ರೊಟ್ಟಿ ಬಡಿ ಅಂದ್ರ ಬೀಗರ ತಾಲೂಕಿನ ನಕಾಶೆ ಬಡದೀರಲ್ರಿ. ಇಂಡಿ ಎಲ್ಲಿ ಬರ್ತೈತ್ರಿ ಇದರಾಗ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನಗುವಿನ ನಡುವೆ ಸ್ವಲ್ಪ ಅತ್ತೆ, ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಆಮೇಲೆ ಪಕ್ಕದಲ್ಲಿದ್ದಾಕೆ ಎದ್ದು ಬಂದು, ನನ್ನ ಟ್ರಂಕಿಗೆ ಆತುಕೊಂಡು, ಇಷ್ಟು ದಿನ ನನಗೆ ಸಿಗದಿದ್ದ, ಮುನಿಸಿಕೊಂಡು ತವರಿಗೆ ಹೋದ ಸೊಸೆಯ ಕಥೆಯನ್ನು ಮೊದಲಿನಿಂದ ಹೇಳಿದಳು.

ಸಂಜೆ ಮನೆಗೆ ಕುಂಟುತ್ತ ಬಂದೆ. ನಮ್ಮ ಮನೆಯವರು ಡಬ್ಬಿ ಹಿಡಿದು ಕಾಯುತ್ತಿದ್ದರು.

"ಎಲ್ಲಿ ಬ್ಯಾನಿ ಐತಿ ಹೇಳು."

"ಮೊಣಕಾಲಾಗ" ಅಂದೆ. ಆವತ್ತು ನೋವು ಇದ್ದದ್ದು ಅಲ್ಲಿ ಮಾತ್ರ.