ಕಲ್ಲುಗೋಡೆಯ ಬುಡದ ಮಣ್ಣು

ದೋಸೆ ಹಿಟ್ಟನ್ನು ಓವನ್‌ನೊಳಗಿಟ್ಟು, ಹುದುಗಲೆಂದು ಅದರ ದೀಪ ಹಾಕುತ್ತಿದ್ದೆ. ಪಕ್ಕದ ಮನೆಯ ನೋರಾ ಆಂಟಿ ಮನೆ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಬಂದರು. "ಶೈಲಾ, ಡ್ಯಾನ್ ಇವತ್ತು ದಾಟುವುದು ಕಷ್ಟವಂತೆ. ಆ ಮಣ್ಣು ಬೇಕು."

ಡ್ಯಾನ್ ಅವರ ಅಣ್ಣ. ಶಿಕಾಗೊ ಹತ್ತಿರದ ಬೋಲಿಂಗ್‌ಬ್ರೂಕ್‌ನಲ್ಲಿ, ಮಗಳ ಮನೆಯಲ್ಲಿ ಮಲಗಿದ್ದರು. ಮಣ್ಣು ಐರ್ಲೆಂಡಿನದು. ಕೊನೆಗಾಲದಲ್ಲಿ ಅದನ್ನು ಅಂಗೈಯಲ್ಲಿಡುವುದು ಅವರ ಮನೆತನದ ಪದ್ಧತಿ, ನಮ್ಮಲ್ಲಿ ಬಾಯಿಗೆ ಗಂಗೆ ಬಿಡುವ ಹಾಗೆ. ಹೋದ ವರ್ಷ ಅವರ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ, "ನಿನ್ನ ದೇವರ ಹತ್ತಿರ ಇರಲಿ" ಎಂದು ಕೊಟ್ಟಿದ್ದರು. ಮಣ್ಣಿದ್ದ ತಗಡಿನ ಡಬ್ಬಿ ತುಕ್ಕು ಹಿಡಿದಿತ್ತೆಂದು ನಾನೇ ಅದನ್ನು ಸ್ಟೀಲ್ ಡಬ್ಬಿಗೆ ಹಾಕಿದ್ದೆ. ಆ ಡಬ್ಬಿ ಎತ್ತಿಕೊಂಡು ಹೊರಟೆವು.

ನಮ್ಮೂರು ವಿಕ್ಸಮ್‌ನಿಂದ ಅಲ್ಲಿಗೆ ಸುಮಾರು ಇನ್ನೂರೆಂಬತ್ತು ಮೈಲಿ. ಹೊರಗೆ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಪುಣ್ಯಕ್ಕೆ ಕಾರಿನಲ್ಲಿ ಗ್ಯಾಸ್ ತುಂಬಿತ್ತು, ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕಿದ್ದರು.

ಆ ಮಣ್ಣಿನ ಕಥೆ ಕೇಳಿದೆ. "ದೊಡ್ಡ ಯುದ್ಧವೇನಲ್ಲ," ಎಂದರು ಆಂಟಿ. "ರಸ್ತೆ ತಿರುವಿನಲ್ಲೊಂದು ಕಲ್ಲುಗೋಡೆ. ಹಿಂದೆ ಅಪ್ಪ, ದೊಡ್ಡಪ್ಪ, ಊರಿನ ಹುಡುಗರು. ಕೈಯಲ್ಲಿ ಮೊಲ ಹೊಡೆಯುವ ಕೋವಿ. ಎರಡು ಲಾರಿ ಬ್ರಿಟಿಷ್ ಸೈನಿಕರು ಬಂದರು. ಊಟದ ಹೊತ್ತಿಗೆ ಮುಗಿದೇ ಹೋಯಿತು. ಲಾರಿಗಳು ಹಿಂದಕ್ಕೆ ಹೋದವು, ಗುಂಡು ತಿಂದ ದೊಡ್ಡಪ್ಪ ಗೋಡೆಯ ಬುಡದಲ್ಲೇ ಉಳಿದ. ಅಪ್ಪ ಅಲ್ಲಿನ ಮಣ್ಣು ಜೇಬಿಗೆ ತುಂಬಿಕೊಂಡು ಓಡಿದ."

"ಹಾಗಾದರೆ ಗೆದ್ದ ಹಾಗಾಯಿತಲ್ಲ?"

"ಅಪ್ಪ ಯಾವತ್ತೂ ಗೆದ್ದೆವು ಅನ್ನಲಿಲ್ಲ."

ಕಲಮಜೂ ಹತ್ತಿರದ ರೆಸ್ಟ್ ಏರಿಯಾದಲ್ಲಿ ಚಪಾತಿ ಸುರುಳಿ ತಿಂದೆವು. ಆಂಟಿ ಡಬ್ಬಿ ತೆರೆದರು. "ಇದರಲ್ಲಿ ಗಂಧದ ವಾಸನೆ ಇದೆ. ನಮ್ಮದು ಕಪ್ಪು ಮಣ್ಣಲ್ಲವೇ?"

ಡಬ್ಬಿ ಇಸಿದುಕೊಂಡು ನೋಡಿದೆ. ಅದು ಮಂತ್ರಾಲಯದ ಮೃತ್ತಿಕೆ. ಅರಿಶಿನ ಕುಂಕುಮಕ್ಕೆ ಹೋದಾಗ ಕೊಟ್ಟ ಜೋಡಿ ಡಬ್ಬಿಗಳು, ದೇವರ ಗೂಡಿನಲ್ಲಿ ಅಕ್ಕಪಕ್ಕವೇ ಇದ್ದವು. ಹಿಂದಿರುಗಿದರೆ ಡ್ಯಾನ್ ಸಿಗುವುದು ಅನುಮಾನ. ಸೌತ್‌ಫೀಲ್ಡ್‌ನ ಆಫೀಸಿನಲ್ಲಿದ್ದ ಯಜಮಾನರಿಗೆ ಫೋನ್ ಮಾಡಿದೆ.

"ರೀ, ಮನೆಗೆ ಹೋಗಿ. ದೇವರ ಗೂಡಲ್ಲಿರೋ ಸ್ಟೀಲ್ ಡಬ್ಬಿ ಬೋಲಿಂಗ್‌ಬ್ರೂಕ್‌ಗೆ ತನ್ನಿ."

"ಮೀಟಿಂಗಲ್ಲಿದೀನಿ ಕಣೇ. ಸ್ನೋ ಬೇರೆ."

"ಒಬ್ರ ಜೀವ ಅದಕ್ಕೆ ಕಾಯ್ತಿದೆ ರೀ."

"ಸರಿ, ಹೊರಟೆ. ನಿನ್ನ ಸಾಸಿವೆ ಡಬ್ಬಿನೂ ಹಾಗೇ ಇದೆ, ತೆಗೆದು ನೋಡ್ಕೊಂಡೇ ತರ್ತೀನಿ."

ಇಂಡಿಯಾನಾ ಗಡಿ ದಾಟುವಾಗ ಸರೋವರದ ಕಡೆಯಿಂದ ಹಿಮ ಬೀಸಿ, ಮುಂದಿನ ಟ್ರಕ್ಕಿನ ಕೆಂಪು ದೀಪ ಬಿಟ್ಟು ಏನೂ ಕಾಣಲಿಲ್ಲ. ರಾಯರನ್ನು ನೆನೆಯುತ್ತ, ಆ ದೀಪ ಹಿಡಿದೇ ಹೋದೆ. ಆಂಟಿ ತಮ್ಮ ಜಪಮಾಲೆ ಬಿಡಲಿಲ್ಲ.

ನಾವು ತಲುಪಿ ಹಾಸಿಗೆಯ ಬಳಿ ನಿಂತಾಗ ಡ್ಯಾನ್ ಕಣ್ಣು ತೆರೆದರು. "ಮಣ್ಣು ತಂದೆಯಾ, ನೋರಾ?"

"ದಾರಿಯಲ್ಲಿದೆ."

ನನ್ನಿಂದಾದ ಅಚಾತುರ್ಯವನ್ನು ನಾನೇ ಹೇಳಿದೆ. ನನ್ನ ಕೈಯಲ್ಲಿದ್ದ ಡಬ್ಬಿಯತ್ತ ಅವರು ನೋಡಿದರು. "ನಿಮ್ಮವರೂ ಬ್ರಿಟಿಷರನ್ನು ಓಡಿಸಿದವರೇ ಅಲ್ಲವೇ? ನಮ್ಮದು ಬರುವವರೆಗೆ ಅದು ಕಾವಲಿರಲಿ."

ಅಂಗೈಗೆ ಒಂದು ಚಿಟಿಕೆ ಮೃತ್ತಿಕೆ ಹಾಕಿದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅಂತರ ಹೆಚ್ಚುತ್ತಿತ್ತು. ಆಂಟಿ ಅಣ್ಣನ ಮುಖ ನೋಡುತ್ತಿದ್ದರು, ನಾನು ಕಿಟಕಿಯಲ್ಲಿ ಡ್ರೈವ್‌ವೇ ನೋಡುತ್ತಿದ್ದೆ.

ಕತ್ತಲಾಗುವ ಹೊತ್ತಿಗೆ ನಮ್ಮ ಇನ್ನೊಂದು ಕಾರು ಬಂತು. ಯಜಮಾನರು ಹಿಮದ ಬೂಟುಗಳಲ್ಲೇ ಒಳಗೆ ಓಡಿ ಬಂದರು. ಆಂಟಿ ಮೃತ್ತಿಕೆ ಒರೆಸಲಿಲ್ಲ, ಅದರ ಮೇಲೇ ಕಪ್ಪು ಮಣ್ಣು ಇಟ್ಟರು. ಡ್ಯಾನ್ ನಿಧಾನವಾಗಿ ಮುಷ್ಟಿ ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಉಸಿರು ನಿಂತಿತು. ಮುಷ್ಟಿ ಬಿಡಲಿಲ್ಲ.

ಅಂತ್ಯಕ್ರಿಯೆಗೆಂದು ಆಂಟಿ ಅಲ್ಲೇ ಉಳಿದರು. ಮರುದಿನ ನಾವು ಹೊರಟಾಗ ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು. "ಉಳಿದಿದ್ದು ನನಗೆ. ನಿನ್ನ ಹತ್ತಿರವೇ ಇರಲಿ."

ಮನೆಗೆ ಬಂದು ಕಾಲು ತೊಳೆದು, ಅವರ ಡಬ್ಬಿಗೆ ಕೆಂಪು ದಾರ ಕಟ್ಟಿ ದೇವರ ಗೂಡಿನಲ್ಲಿಟ್ಟೆ. ಹಿಟ್ಟು ಉಕ್ಕಿ, ಓವನ್ ತುಂಬ ಹರಿದು ಒಣಗಿತ್ತು. ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಲು ಕುಳಿತೆ.